ಹೋಗದ ಕಲೆಗೆ ನೀಲಿ ದಾರ

"ಹೋಗದ ಕಲೆಯೇ ಇಲ್ಲ... ಇದನ್ನ ಬರೆದವರು ನೀವೇನಾ?"

ಅವಳು ತನ್ನ ಅಂಗಡಿಯ ಕರಪತ್ರವನ್ನು ಅವನ ಮೇಜಿನ ಮೇಲಿಟ್ಟಳು. ಜಾಹೀರಾತು ಬರೆಯುವವನು ತಲೆಯೆತ್ತಿದ. ಅವಳನ್ನು ಕಂಡದ್ದೇ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಕೆಳಗೆ ಬಿತ್ತು.

"ನಾನೇ. ನಿಮ್ಮಮ್ಮ ಬರೀ ವಿಳಾಸ ಹಾಕಿ ಅಂದ್ರು. ವಿಳಾಸ ನೋಡಿ ಯಾರ್ರೀ ಬರ್ತಾರೆ?"

"ನಮ್ಮಪ್ಪನ ಕಾಲದಿಂದ ಬರ್ತಾನೇ ಇದ್ದಾರೆ."

ಅವಳದು ಬಟ್ಟೆ ಒಗೆದು ಇಸ್ತ್ರಿ ಮಾಡುವ ಪುಟ್ಟ ಅಂಗಡಿ. ಅಲ್ಲಿ ಅಪ್ಪ ಮಾಡಿಟ್ಟುಹೋದ ಒಂದು ರೂಢಿಯಿತ್ತು. ಬಟ್ಟೆ ತೆಗೆದುಕೊಳ್ಳುವಾಗಲೇ, ಹೋಗದ ಕಲೆಯ ಸುತ್ತ ನೀಲಿ ದಾರದಿಂದ ಸಡಿಲವಾಗಿ ಹೊಲಿದು, 'ಇದು ಹೋಗಲ್ಲ' ಎಂದುಬಿಡಬೇಕು.

ಆ ಬೆಳಿಗ್ಗೆ ಒಬ್ಬ ಅಜ್ಜಿ, ತೀರಿಕೊಂಡ ಗಂಡನ ಕೋಟು ತಂದಿದ್ದರು. ಹಳೆಯ ತುಕ್ಕಿನ ಕಲೆ. ಅವಳು ನೀಲಿ ದಾರ ತೆಗೆದಾಗ ಅಜ್ಜಿ ಕರಪತ್ರ ಬಿಡಿಸಿ ತೋರಿಸಿದರು.

'ಹಂಗಾದ್ರೆ ಇದು ಸುಳ್ಳಾ ತಾಯಿ?' ಎಂದು ಕೇಳಿ ಕೋಟನ್ನು ವಾಪಸ್ ಒಯ್ದರು.

ಆ ಅಂಗಡಿಯಲ್ಲಿ ಅದುವರೆಗೆ ಯಾರೂ ಆಡದ ಮಾತು ಅದು...

"ಅಪ್ಪ ನನಗೆ ಬಿಟ್ಟುಹೋಗಿದ್ದು ಒಂದು ಹೆಸರು. ಅದನ್ನ ನೀವು ಒಂದೇ ಸಾಲಲ್ಲಿ ಕಳೆದ್ರಿ," ಎಂದು ಅವನಿಗೆ ಹೇಳಿದವಳೇ ಕಣ್ಣೊರೆಸಿಕೊಂಡು ಹೊರಟುಹೋದಳು.

ಮರುದಿನ ಅವಳು ಅಂಗಡಿಗೆ ಬಂದರೆ, ಬಾಗಿಲಲ್ಲಿ ಅವನೇ ನಿಂತಿದ್ದ! ಕರಪತ್ರ ಹಿಡಿದು ಬಂದ ಪ್ರತಿಯೊಬ್ಬರಿಗೂ ಒಂದೇ ಮಾತು.

"ಇದು ನನ್ನ ಜಂಬ ಸ್ವಾಮಿ, ಇವರದಲ್ಲ. ಹೋಗದಿದ್ರೆ ಇವರು ಹೋಗಲ್ಲ ಅಂತಲೇ ಹೇಳ್ತಾರೆ."

ಕೆಲವರು ನಕ್ಕರು. ಒಬ್ಬರು ಬೈದು ಹೋದರು. ಅವನು ಕದಲಲಿಲ್ಲ.

"ನಾನೇನೂ ಇವನನ್ನ ಕರೀಲಿಲ್ಲ ಕಣೇ," ಅಮ್ಮ ಪಿಸುಗುಟ್ಟಿದರು. "ಓಡಿಸೋಣ ಅಂದ್ರೆ ಮೂಟೆ ಬೇರೆ ಎತ್ತಿಕೊಡ್ತಾನೆ."

'ನಾಳೆ ಬರಲ್ಲ ಬಿಡು,' ಅಂದುಕೊಂಡಳು ಅವಳು. ಬಂದ. ಆಮೇಲೂ ಬಂದ. ಅವನು ತಡಮಾಡಿದ ದಿನ ಅವಳ ಕಣ್ಣು ಸುಮ್ಮಸುಮ್ಮನೆ ಬೀದಿಯತ್ತ ಹೋಗತೊಡಗಿತು.

ಒಂದು ಸಂಜೆ ಅವನು ಆ ಅಜ್ಜಿಯ ಕೈಹಿಡಿದು ಕರೆತಂದ. ಮನೆ ಹುಡುಕಿ ಹೋಗಿ ತಪ್ಪೊಪ್ಪಿಕೊಂಡಿದ್ದನಂತೆ.

ಅಜ್ಜಿ ಕೋಟು ಮುಂದಿಟ್ಟರು. "ನಿನ್ನ ನೀಲಿ ದಾರ ಹಾಕು ತಾಯಿ. ಆಗದ್ದನ್ನ ಆಗಲ್ಲ ಅನ್ನೋರ ಕೈಗೆ ಕೊಡೋಕೆ ನಂಗೆ ಭಯ ಇಲ್ಲ."

ಹೊಲಿಯುವಾಗ ಅವಳಿಗೆ ದಾರವೇ ಮಂಜಾಗಿ ಕಂಡಿತು.

ಅಜ್ಜಿ ಹೋದ ಮೇಲೆ ಅವಳ ಕಣ್ಣು ಅವನ ಅಂಗಿಯ ಜೇಬಿನ ಮೇಲೆ ನಿಂತಿತು. ಶಾಯಿಯ ಕಲೆ. ಅದರ ಸುತ್ತ ಮಾಸಿದ ನೀಲಿ ದಾರ... ತನ್ನದೇ ಹೊಲಿಗೆ!

"ಇದು ನಮ್ಮಂಗಡೀಲಿ ಹಾಕಿದ್ದು. ಯಾಕೆ ಬಿಚ್ಚಿಲ್ಲ?"

"ಹೋದ ವರ್ಷ ತಂದಿದ್ದೆ. 'ಹೋಗಲ್ಲ ಕಣ್ರೀ' ಅಂದ್ರಿ. ದಿನವಿಡೀ ಬಣ್ಣ ಕಟ್ಟಿ ಬರೆಯೋನಿಗೆ ಯಾರೋ ನಿಜ ಹೇಳಿದ್ರು ಅನ್ನಿಸ್ತು. ಅವತ್ತಿಂದ ನೀವು ಮನಸ್ಸಿಂದ ಹೋಗ್ಲಿಲ್ಲ. ನಿಮ್ಮಂಗಡೀಗೆ ಜನ ಮುತ್ತಿಕೊಳ್ಳಲಿ ಅಂತಲೇ ಆ ಸಾಲು ಬರೆದೆ... ಕೆಡಿಸಿಬಿಟ್ಟೆ."

ಅವಳು ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದಳು.

"ನಾನು ಒಳ್ಳೆಯವನು ಅಂತ ನಾನೇ ಹೇಳ್ಕೊಂಡ್ರೆ ನಂಬ್ತೀರಾ?"

"ಇಲ್ಲ."

"ಮತ್ತೇನು ಮಾಡ್ಲಿ?"

"ನೀವೇನೂ ಹೇಳ್ಬೇಡಿ. ದಿನಾ ಬನ್ನಿ." ಅವಳು ಅವನ ಜೇಬಿನ ಮೇಲೆ ಸಡಿಲಗೊಂಡಿದ್ದ ದಾರವನ್ನು ಬೆರಳಿಂದ ಮೆಲ್ಲಗೆ ಒತ್ತಿದಳು. "ನೀವು ಒಳ್ಳೆಯವ್ರು ಅಂತ ಬೀದಿಗೆಲ್ಲ ನಾನೇ ಹೇಳ್ಕೊಂಡು ಬರ್ತೀನಿ."