ಎಳೆದುಕೊಂಡ ಕಾಲು

"ಹಿಮ್ಮಡಿ ನೋವು ಯಾವಾಗಿಂದಮ್ಮಾ?" ಸಿಸ್ಟರ್ ಕೇಳಿದರು.

ಕಲಾವತಿ ಗಂಡನ ಕಡೆ ನೋಡಿದಳು. ಮುನೀಂದ್ರ ಅವಳ ಚಪ್ಪಲಿಗಳನ್ನು ಮಂಚದ ಕೆಳಗೆ ಜೋಡಿಸುತ್ತಿದ್ದ. ಮದುವೆಯಾದ ಮೇಲೆ ಶುರುವಾಯ್ತು ಅಂತ ಅವನಿಗೆ ಹೇಳಿದ್ದಳು. ಆಪರೇಷನ್ ಹೊತ್ತಲ್ಲಿ ಸುಳ್ಳು ಹೇಳಲು ಧೈರ್ಯ ಬರಲಿಲ್ಲ.

"ಮೂರು ವರ್ಷ ಆಯ್ತು. ಗಾರ್ಮೆಂಟ್ಸಲ್ಲಿದ್ದಾಗಿಂದ."

ಮುನೀಂದ್ರನ ಕೈ ಅಲ್ಲೇ ನಿಂತಿತು. ಮದುವೆಯಾಗಿ ಇನ್ನೂ ಒಂದೇ ವರ್ಷ.

ಆಗ ಅವಳದು ಯಶವಂತಪುರದಲ್ಲಿ ದಿನವಿಡೀ ನಿಂತು ಶರ್ಟ್ ಚೆಕ್ ಮಾಡುವ ಕೆಲಸ. ಬೆಳಿಗ್ಗೆ ನೆಲಕ್ಕೆ ಕಾಲಿಟ್ಟರೆ ಮೊಳೆ ಹೊಡೆದ ಹಾಗೆ ಆಗುತ್ತಿತ್ತು. "ಕುಂಟ್ತಾಳೆ ಅಂತ ಗೊತ್ತಾದ್ರೆ ಯಾರ್ ಮಾಡ್ಕೊತಾರೆ, ಸುಮ್ನಿರು" ಅಂದಿದ್ದರು ಅಮ್ಮ. ಪುಟ್ಟೇನಹಳ್ಳಿಗೆ ಸೊಸೆಯಾಗಿ ಬಂದ ಮೇಲೂ, ಅವನು ಏಳುವ ಮೊದಲೇ ಎದ್ದು, ಗೋಡೆ ಹಿಡಿದು, ನೋವು ತಗ್ಗುವವರೆಗೆ ಕುಂಟಿ ಮುಗಿಸಿಬಿಡುತ್ತಿದ್ದಳು. ಕೊನೆಗೆ ಒಂದು ದಿನ ಸಿಕ್ಕಿಬಿದ್ದು ಆ ಸುಳ್ಳು ಹೇಳಿದ್ದಳು. ವ್ಯಾಯಾಮ, ಇಂಜೆಕ್ಷನ್, ಮೆತ್ತನೆ ಚಪ್ಪಲಿ ಯಾವುದರಿಂದಲೂ ಕಡಿಮೆಯಾಗಲಿಲ್ಲ. ಹೆಬ್ಬಾಳದ ಈ ಡಾಕ್ಟರು ಎರಡೇ ಸಣ್ಣ ತೂತು ಮಾಡಿ, ಒಂದರಲ್ಲಿ ಕ್ಯಾಮೆರಾ ಬಿಟ್ಟು, ಅಂಗಾಲಿನ ಬಿಗಿದ ಪಟ್ಟಿಯನ್ನು ಸ್ವಲ್ಪ ಸಡಿಲ ಮಾಡ್ತೀನಿ ಅಂದಿದ್ದರು.

"ಕಾಲುಂಗುರ ಬಿಚ್ಚಬೇಕು. ಸಾರ್, ನೀವೇ ತೆಗೀರಿ." ಸಿಸ್ಟರ್ ಪರದೆ ಎಳೆದು ಹೋದರು.

ಕಲಾವತಿ ಕಾಲುಗಳನ್ನು ಹೊದಿಕೆಯೊಳಗೆ ಎಳೆದುಕೊಂಡಳು. ಗ್ಯಾರೇಜಿನಿಂದ ಬಂದವನೇ ನಿಂಬೆಹಣ್ಣು ಹಾಕಿ ಕೈ ಉಜ್ಜಿ ಉಜ್ಜಿ ತೊಳೆಯುವ ಮನುಷ್ಯ. ಅವನಿಗೆ ಈ ಒಡೆದ ಹಿಮ್ಮಡಿ ಹೇಗೆ ತೋರಿಸುವುದು?

"ಯಾಕ್ ಹೇಳ್ಲಿಲ್ಲ?"

"ನಾಚ್ಕೆ ಆಯ್ತು. ಮೋಸ ಮಾಡಿ ಕಟ್ಟಿದ್ರು ಅಂತೀರೇನೋ ಅಂತ. ಆಪರೇಷನ್ ಆದ್ಮೇಲೆ ಬೇಕಾದ್ರೆ ಅಮ್ಮನ ಮನೇಗೆ ಬಿಟ್ಬಿಡಿ."

ಅವನು ಮಂಚದ ಅಂಚಿಗೆ ಬಂದು ಕೂತ.

"ಛತ್ರದಲ್ಲಿ ನಾನ್ ಕಾಲುಂಗುರ ಹಾಕೋವಾಗ ಕಾಲು ಎಳ್ಕೊಂಡ್ಯಲ್ಲ, ಅದೂ ಇದಕ್ಕೇನಾ?"

"ನೀವು ಹಿಮ್ಮಡೀನೇ ಒತ್ತಿ ಹಿಡ್ಕೊಂಡಿದ್ರಿ."

ಅವತ್ತು ಛತ್ರವೆಲ್ಲ ನಕ್ಕಿತ್ತು. 'ಹುಡುಗೀಗೆ ಹುಡುಗ ಒಪ್ಪಿಗೆ ಇಲ್ಲ ಕಣ್ರೋ' ಅಂತ ಯಾರೋ ಕೂಗಿದ್ದರು. ಅದನ್ನು ತಮಾಷೆ ಅಂದುಕೊಂಡು ಅವಳು ಮರೆತೇಬಿಟ್ಟಿದ್ದಳು.

"ನಾನ್ ಮುಟ್ಟಿದ್ರೆ ನಿಂಗಾಗಲ್ಲ ಅನ್ಕೊಂಡಿದ್ದೆ. ಗ್ರೀಸ್ ವಾಸ್ನೆ ಅಂತ." ಅವನು ಕೈಗಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡ. "ಬೆಳಿಗ್ಗೆ ನೀನ್ ಎದ್ದು ಹೋಗೋದೂ ಅದಕ್ಕೇ ಅನ್ಕೊಂಡೆ."

ಕಲಾವತಿಗೆ ತನ್ನ ನಾಚಿಕೆಗಿಂತ ಅವನದೇ ದೊಡ್ಡದು ಅನ್ನಿಸಿತು. ಅದಕ್ಕೆ ಕಾರಣ ತಾನೇ ಅನ್ನುವುದು ಇನ್ನೂ ನೋಯಿಸಿತು. ಹೊದಿಕೆ ಸರಿಸಿ ಕಾಲು ಚಾಚಿದಳು.

"ತೆಗೀರಿ. ಮೆಲ್ಲಗೆ."

ಬಿಚ್ಚಿದ ಕಾಲುಂಗುರಗಳನ್ನು ಅವನು ಅಂಗಿಯ ಜೇಬಿನಲ್ಲಿಟ್ಟುಕೊಂಡ. ಆಪರೇಷನ್ ಮುಗಿದು ಮನೆಗೆ ಬಂದ ಮೇಲೆ ಗ್ಯಾರೇಜಿಗೂ ಹಾಗೇ ಹೋಗಿಬರುತ್ತಿದ್ದ. ತೆಗೆದಿಡಿ ಅಂದರೆ ಕೇಳಲಿಲ್ಲ.

ಹೊಲಿಗೆ ಬಿಚ್ಚಿಸಿಕೊಂಡು ಬಂದ ಸಂಜೆ, ಮನೆ ಮೆಟ್ಟಿಲ ಮೇಲೆ ಅವಳನ್ನು ಕೂರಿಸಿ, ತಾನು ಕೆಳಗಿನ ಮೆಟ್ಟಿಲಲ್ಲಿ ಕೂತ. ನಿಂಬೆಹಣ್ಣಿಲ್ಲ, ನೇರ ಗ್ಯಾರೇಜಿನ ಕೈ. ಅದೇ ಕೈಯಿಂದ ಜೇಬಿನ ಕಾಲುಂಗುರ ಹೊರತೆಗೆದ.

"ಛತ್ರದಲ್ಲಿ ಯಾರೂ ನಿನ್ ಕೇಳ್ಲಿಲ್ಲ. ಈಗ ನಾನೇ ಕೇಳ್ತಿದೀನಿ. ಒಪ್ಪಿಗೆನಾ?"

"ಅವತ್ತೂ ಒಪ್ಪಿಗೇನೇ ಇತ್ತು ಕಣ್ರೀ," ಅಂದಳು ಕಲಾವತಿ, ಮತ್ತು ಹಿಮ್ಮಡಿಯ ಭಾರವನ್ನೆಲ್ಲ ಅವನ ಕಪ್ಪು ಅಂಗೈಗೆ ಬಿಟ್ಟಳು.