ಬೆರಳ ಮೇಲೊಂದು ಬೆರಳು

"ಕೈ ತೆಗೀರಿ, ಕೈ..."

ಅವನು ಕೂಗುವಷ್ಟರಲ್ಲಿ ಲಿಫ್ಟಿನ ಬಾಗಿಲು ಮುಚ್ಚಿತ್ತು. ನಡುವೆ ಅವಳ ಬೆರಳುಗಳು ಸಿಕ್ಕಿಕೊಂಡಿದ್ದವು.

ಮೂರನೇ ಮಹಡಿಯಲ್ಲಿ ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ಟೀಚರ್ ಅವಳು. ತರಗತಿಗೆ ತಡವಾದ ಗಡಿಬಿಡಿಯಲ್ಲಿ ‘ದುರಸ್ತಿಯಲ್ಲಿದೆ’ ಎಂಬ ಹಲಗೆ ಕಾಣದೆ ಬಾಗಿಲಿಗೆ ಕೈ ಅಡ್ಡ ಹಾಕಿದ್ದಳು. ಒಳಗಿದ್ದ ಮೆಕ್ಯಾನಿಕ್ ಅದೇ ಹೊತ್ತಿಗೆ ಗುಂಡಿ ಒತ್ತಿದ್ದ.

ಬಾಗಿಲು ಸರಿಸಿ, ದಪ್ಪ ಗ್ಲೌಸ್ ತೊಟ್ಟ ಕೈಯಲ್ಲೇ ಅವನು ಅವಳ ಬೆರಳಿಗೆ ನೀರು ಸುರಿದ. ಬಾಟಲಿಯೂ ಜಾರಿ ಅವಳ ಕಾಲ ಮೇಲೆ ಬಿತ್ತು. ಗಾಯದ ಮೇಲೆ ಬರೆ ಎಂದರೆ ಇದೇ.

"ಬಟರ್‌ಫಿಂಗರ್ಸ್," ಅವಳು ಹಲ್ಲು ಕಚ್ಚಿ ಗೊಣಗಿದಳು.

"ಬೈದ್ರಾ?"

"ಬೈದೆ."

"ಏನಂತ ಹೇಳಿಬಿಡಿ. ಬೈಸ್ಕೊಂಡಿದ್ದು ಅರ್ಥ ಆಗದೇ ಹೋದ್ರೆ ಅನ್ನ ಸೇರಲ್ಲ ನಂಗೆ."

"ಬೆರಳಿಗೆ ಬೆಣ್ಣೆ ಮೆತ್ಕೊಂಡೋನು ಅಂತ. ಹಿಡಿದಿದ್ದೆಲ್ಲ ಬೀಳ್ಸೋನು."

ಅವನು ನಕ್ಕ. ಅಷ್ಟು ನೋವಿನಲ್ಲೂ ಅವಳಿಗೆ ನಗು ಬಂತು. ಮುಂದಿನ ವಾರ ನೋಡಿದರೆ ಆಸಾಮಿ ಅವಳದೇ ತರಗತಿಯ ಹಿಂದಿನ ಬೆಂಚಿನಲ್ಲಿ!

"ಬೆರಳು ಜಜ್ಜಿದವನ ಮೇಲೆ ನಿಂಗೆ ಕೋಪಾನೇ ಇಲ್ವಲ್ಲೇ," ಎಂದು ಅಮ್ಮ ಕಾಡಿದಳು. ಮನೆಯಲ್ಲಿ ಇದ್ದದ್ದು ಅವರಿಬ್ಬರೇ.

"ಸುಮ್ನಿರಮ್ಮ."

ಅವಳ ಮುಖ ಕೆಂಪಾದದ್ದು ಅಮ್ಮನ ಕಣ್ಣು ತಪ್ಪಲಿಲ್ಲ.

ಕೈಗೆ ಪಟ್ಟಿ ಕಟ್ಟಿಕೊಂಡೇ ಅವಳು ಬೆರಳಿನ ಪಾಠ ಶುರು ಮಾಡಿದಳು. ಕೆಲಸ ಬಾರದವನಿಗೆ ‘ಆಲ್ ಥಂಬ್ಸ್’ ಅನ್ನುತ್ತಾರೆ, ಅಂದರೆ ಬೆರಳೆಲ್ಲ ಹೆಬ್ಬೆರಳೇ ಎಂದಳು.

"ನಮ್ಮಲ್ಲಿ ಐದು ಬೆರಳೂ ಒಂದೇ ಸಮ ಇರಲ್ಲ ಅಂತಾರೆ, ಅವರಲ್ಲಿ ಐದೂ ಹೆಬ್ಬೆರಳಾ?" ಎಂದ ಅವನು. ತರಗತಿ ಗೊಳ್ಳೆಂದಿತು.

ಕೊನೆಗೆ ತೋರುಬೆರಳ ಮೇಲೆ ನಡುಬೆರಳು ಹತ್ತಿಸಿ ತೋರಿಸಿದಳು. "ಇದು ‘ಫಿಂಗರ್ಸ್ ಕ್ರಾಸ್ಡ್’. ಅಂದ್ಕೊಂಡಿದ್ದು ಆಗ್ಲಿ, ಒಳ್ಳೇದಾಗ್ಲಿ ಅಂತ."

ಎಲ್ಲರೂ ಬೆರಳು ಹೆಣೆದು ನೋಡಿದರು. ಅವನು ಮಾತ್ರ ಬಲಗೈಯನ್ನು ಜೇಬಿನಿಂದ ತೆಗೆಯಲಿಲ್ಲ. ಗ್ಲೌಸ್ ಇಲ್ಲದಾಗ ಆ ಕೈ ಯಾವಾಗಲೂ ಜೇಬಿನಲ್ಲಿ, ಇಲ್ಲವೇ ಬೆನ್ನ ಹಿಂದೆ. ಗತ್ತಿನ ಮನುಷ್ಯ ಅಂದುಕೊಂಡಿದ್ದಳು ಅವಳು.

ಮರುದಿನ ಪಾಠ ಮುಂದುವರಿಯಿತು. ಅದೇ ಬೆರಳನ್ನು ಬೆನ್ನ ಹಿಂದೆ ಹೆಣೆದು ಮಾತು ಕೊಟ್ಟರೆ ಆ ಮಾತು ಸುಳ್ಳು, ಅದು ಇಂಗ್ಲಿಷ್ ಮಕ್ಕಳ ಕಳ್ಳಾಟ ಎಂದು ಹೇಳಿಕೊಟ್ಟಳು. ಆ ಹೊತ್ತಿಗೆ ಅವನು ಛಾವಣಿಯ ಮೋಟಾರು ಕೋಣೆಯಲ್ಲಿ ಕಬ್ಬಿಣ ಬಡಿಯುತ್ತಿದ್ದ. ಆ ಸದ್ದಿಗೆ ಅವಳು ಹೇಳಿದ್ದನ್ನೇ ಮತ್ತೆ ಹೇಳಬೇಕಾಯಿತು.

ಅಷ್ಟರಲ್ಲಿ ಅಮ್ಮನಿಗೆ ಪಾರ್ಶ್ವವಾಯು ಬಡಿಯಿತು.

ಮಾತು ಹೋಯಿತು. ಎಡಗೈ ಮಾತ್ರ ಅಷ್ಟಿಷ್ಟು ಆಡುತ್ತಿತ್ತು. ಅವಳು ಪಾಠಕ್ಕೆ ಹೋದ ಹೊತ್ತಿನಲ್ಲಿ ಅವನು ಆಸ್ಪತ್ರೆಯಲ್ಲಿ ಅಮ್ಮನ ಪಕ್ಕ ಕೂರುತ್ತಿದ್ದ. ಯಾರೂ ಕೇಳಿರಲಿಲ್ಲ, ತಾನೇ ಬರತೊಡಗಿದ್ದ. ‘ಇವನಿಲ್ಲದಿದ್ದರೆ ನಾನೇನಾಗುತ್ತಿದ್ದೆ...’ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು.

ಒಂದು ಸಂಜೆ ಆಸ್ಪತ್ರೆಯ ಲಿಫ್ಟಿನಲ್ಲಿ ಅವರಿಬ್ಬರೇ ಇದ್ದರು.

"ಟೀಚರ್, ನನಗೆ ಸುತ್ತಿಬಳಸಿ ಮಾತಾಡೋಕೆ ಬರಲ್ಲ. ಅಮ್ಮ ಎದ್ದು ಕೂರೋವರೆಗೂ, ಆಮೇಲೂ, ನಿಮ್ಮ ಜೊತೆ ಇರ್ತೀನಿ. ನೀವು ಹೂಂ ಅಂದ್ರೆ ಸಾಯೋವರೆಗೂ. ಇದು ನನ್ನ ಮಾತು."

ಅವಳ ಎದೆ ತುಂಬಿ ಬಂತು. ಹೂಂ ಎನ್ನಲು ತುಟಿ ತೆರೆದಳು... ಆಗಲೇ ಅವನ ಹಿಂದಿನ ಕನ್ನಡಿ ಕಣ್ಣಿಗೆ ಬಿತ್ತು. ಬೆನ್ನ ಹಿಂದೆ ಅವನ ಬಲಗೈ. ತೋರುಬೆರಳ ಮೇಲೆ ಹತ್ತಿ ಕುಳಿತ ನಡುಬೆರಳು. ಪಕ್ಕದ ಉಂಗುರದ ಬೆರಳು ಅರ್ಧಕ್ಕೇ ನಿಂತಿತ್ತು. ಆದರೆ ಅದು ಅವಳ ಮನಸ್ಸಿಗೆ ಇಳಿಯಲೇ ಇಲ್ಲ.

‘ನಾನು ಕಲಿಸಿದ ಪಾಠವನ್ನೇ ನನ್ನ ಮೇಲೆ ಪ್ರಯೋಗ ಮಾಡಿದನಾ?’

"ನೀವಿನ್ನು ಬರಬೇಡಿ," ಎಂದಳು.

ಅವನು ತಿರುಗಿ ಕನ್ನಡಿ ನೋಡಿದ, ತನ್ನ ಕೈ ನೋಡಿಕೊಂಡ. ಯಾಕೆ ಎಂದು ಕೇಳಲಿಲ್ಲ. ಬಾಗಿಲು ತೆರೆದಾಗ ತಲೆ ತಗ್ಗಿಸಿ ಹೊರಟುಹೋದ. ಕೇಳದೇ ಹೋದನೆಂದರೆ ತಪ್ಪು ಒಪ್ಪಿಕೊಂಡಂತೆಯೇ ಅಲ್ಲವೇ ಎಂದುಕೊಂಡಳು ಅವಳು.

ಆಮೇಲೆ ಉಳಿದದ್ದು ಅಮ್ಮ ಮತ್ತು ಅವಳು. ಪಾಠಕ್ಕೆಂದು ಅವಳು ಎದ್ದಾಗಲೆಲ್ಲ ಅಮ್ಮನ ಎಡಗೈ ನಡುಗುತ್ತಿತ್ತು, ಒಂದು ಬೆರಳು ಇನ್ನೊಂದರ ಮೇಲೆ ತೆವಳುತ್ತಿತ್ತು. ಬೆರಳು ಸೆಟೆದುಕೊಳ್ಳುತ್ತಿದೆ ಎಂದು ಅವಳು ಎಣ್ಣೆ ಹಚ್ಚಿ ಬಿಡಿಸಿ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಆ ಕೈಯೂ ನಿಂತಿತು. ಆಗಲೂ ಬೆರಳುಗಳು ಹೆಣೆದುಕೊಂಡೇ ಇದ್ದವು. ಕಣ್ಣೀರಿನಲ್ಲಿ ಅದನ್ನೂ ಅವಳೇ ಬಿಡಿಸಿ ನೆಟ್ಟಗೆ ಮಾಡಿದಳು.

ಅವನನ್ನು ಕಳಿಸಿಬಿಟ್ಟ ಆ ಸಂಜೆಯಿಂದ ಅವಳು ಲಿಫ್ಟ್ ಹತ್ತಿರಲಿಲ್ಲ. ಅಮ್ಮ ತೀರಿಕೊಂಡು ಕೆಲವು ವಾರ ಕಳೆದ ಮೇಲೆ ಅವಳ ಹೊದಿಕೆಗಳನ್ನು ಯಾರಿಗಾದರೂ ಆಗಲಿ ಎಂದು ಆಸ್ಪತ್ರೆಗೆ ಒಯ್ದಳು. ಅಮ್ಮನನ್ನು ನೋಡಿಕೊಳ್ಳುತ್ತಿದ್ದ ಆಯಾ ಅವಳ ಕೈ ಹಿಡಿದುಕೊಂಡಳು.

"ಲಿಫ್ಟಿನ ಅಣ್ಣ ಹೇಗಿದ್ದಾನಮ್ಮ? ಪಾಪ, ಎಷ್ಟು ತಾಳ್ಮೆ! ದಿನಾ ಕೂತು ನಿಮ್ಮ ತಾಯಿಗೆ ಬೆರಳು ಕಲಿಸ್ತಿದ್ದ."

"ಬೆರಳು ಕಲಿಸೋದಾ?"

"ಹೀಗೆ." ಆಯಾ ಬೆರಳ ಮೇಲೆ ಬೆರಳು ಹತ್ತಿಸಿದಳು. "‘ಇದು ನಿಮ್ಮ ಮಗಳ ಪಾಠ, ಒಳ್ಳೇದಾಗ್ಲಿ ಅಂತ ಅರ್ಥ. ಅವರು ಹೊರಡುವಾಗ ಮಾಡಿ, ಖುಷಿಪಡ್ತಾರೆ’ ಅಂತಿದ್ದ. ನಿಮಗೆ ತೋರಿಸಲೇ ಇಲ್ವಾ ಅವರು?"

ಅವಳು ಅಲ್ಲೇ ಬೆಂಚಿನ ಮೇಲೆ ಕುಸಿದಳು. ದಿನವೂ ತೋರಿಸಿದ್ದಳು ಅಮ್ಮ. ಕಲಿಸಿದ ಟೀಚರಿಗೇ ತನ್ನ ಪಾಠದ ಗುರುತು ಸಿಕ್ಕಿರಲಿಲ್ಲ.

ಅವನಿಗೆ ಗೊತ್ತಿದ್ದದ್ದು ಆ ಒಂದೇ ಅರ್ಥ. ಇನ್ನೊಂದನ್ನು ಕಲಿಸಿದ ದಿನ ಅವನು ಮೇಲೆ ಕಬ್ಬಿಣ ಬಡಿಯುತ್ತಿದ್ದ...

ಅವನು ಅದೇ ಮೋಟಾರು ಕೋಣೆಯಲ್ಲಿ ಸಿಕ್ಕ. ಅವಳನ್ನು ಕಂಡದ್ದೇ ಬಲಗೈ ಬೆನ್ನ ಹಿಂದೆ ಹೋಯಿತು. ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ ಅವಳು ಎಲ್ಲವನ್ನೂ ಹೇಳಿದಳು.

"ಹಾಗಾದ್ರೆ ನನ್ನ ಮಾತು ಸುಳ್ಳು ಅಂದ್ಕೊಂಡ್ರಾ?"

"ಹೂಂ."

"ನೀವು ಹೂಂ ಅನ್ನಲಿ ಅಂತ ಬೆರಳು ಹೆಣೆದಿದ್ದೆ, ಟೀಚರ್." ಅವನು ಮೊದಲ ಸಲ ಆ ಕೈಯನ್ನು ಮುಂದೆ ತಂದ. "ಈ ಅರ್ಧ ಬೆರಳನ್ನ ನೋಡಿ ನಿಮಗೆ ಅಸಹ್ಯ ಆಯ್ತು ಅಂದ್ಕೊಂಡೆ. ಯಂತ್ರಕ್ಕೆ ಸಿಕ್ಕಿದ್ದು."

ಅವಳ ಕಣ್ಣು ಹರಿಯತೊಡಗಿತು. "ಅಮ್ಮನ ಬೆರಳು ನಾನೇ ಬಿಡಿಸ್ತಿದ್ದೆ. ದಿನಾ. ಅವಳು ಹರಸ್ತಿದ್ಲು, ನಾನು ಎಣ್ಣೆ ಹಚ್ಚಿ ಬಿಡಿಸ್ತಿದ್ದೆ."

"ಬಿಡಿಸಿದ ಮೇಲೆ?"

"ಮರುದಿನ ಮತ್ತೆ ಹೆಣೀತಿದ್ಲು."

"ಹಾಗಿದ್ರೆ ಬೇಜಾರು ಮಾಡ್ಕೊಂಡಿಲ್ಲ ಬಿಡಿ ಅವರು."

ಅವಳು ಅಳುವಷ್ಟೂ ಅತ್ತಳು. ಅವನು ಪಕ್ಕದಲ್ಲಿ ನಿಂತಿದ್ದ.

"ಆ ಮಾತು ಇನ್ನೂ ಇದೆಯಾ?" ಎಂದಳು ಕೊನೆಗೆ.

"ಇದೆ. ಉಂಗುರ ಹಾಕ್ಸ್ಕೊಳ್ಳೋಕೆ ಬೆರಳೇ ಪೂರ್ತಿ ಇಲ್ಲ, ಅಷ್ಟೇ."

"ನನಗಿದೆಯಲ್ಲ. ಜಜ್ಜಿದ್ದು ನೀವೇ, ಉಂಗುರಾನೂ ನೀವೇ ಹಾಕಿ."

"ಬೀಳಿಸಿಬಿಟ್ರೆ?"

"ಹುಡುಕೋಣ."

ಅವನು ನಗಲು ಹೋಗಿ ಕಣ್ಣೊರೆಸಿಕೊಂಡ. ಆಮೇಲೆ ಅವಳ ಕಣ್ಣೆದುರೇ ತೋರುಬೆರಳ ಮೇಲೆ ನಡುಬೆರಳು ಹತ್ತಿಸಿದ.

"ಹೂಂ," ಎಂದಳು ಅವಳು.

ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಈ ಸಲ ಬೆರಳು ಬಿಡಿಸಲಿಲ್ಲ.