ಅವನು ಬೇರೆ ಮಾಡಿದ ಫೋಲ್ಡರ್‌ಗಳು

“ನನ್ನ ಫೋಲ್ಡರ್‌ಗಳನ್ನ ಮುಟ್ಟಿದ್ದು ಯಾರು?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ತಂಡದವರೆಲ್ಲ ತಲೆಯೆತ್ತಿ ನೋಡಿದರು.

“ನಾನು,” ಎಂದು ಒಬ್ಬ ಎದ್ದು ನಿಂತ. ಅವಳು ರಜೆಯಲ್ಲಿದ್ದಾಗ ಕೆಲಸಕ್ಕೆ ಸೇರಿದ ಹೊಸಬ.

ಅಪ್ಪ ತೀರಿಕೊಂಡ ಮೇಲೆ ಅವಳು ಕಚೇರಿಗೆ ಬಂದದ್ದು ಅಂದೇ. ಅಳು ಬರುತ್ತಿರಲಿಲ್ಲ. ಹಸಿವೂ ಅಷ್ಟೆ. ಮನಸ್ಸು ಮರಗಟ್ಟಿತ್ತು. ತಾನು ಬರೆದ ಕೋಡ್ ಒಂದಾದರೂ ಇಟ್ಟಲ್ಲೇ ಇರುತ್ತದೆ ಅಂದುಕೊಂಡಿದ್ದಳು.

ವೆಬ್‌ಸೈಟಿನ ಒಂದೊಂದು ಪುಟಕ್ಕೂ ಒಂದೊಂದು ಫೋಲ್ಡರ್, ಇದು ಅವಳ ಪದ್ಧತಿ. ಲಾಗಿನ್ ಪುಟದ ಬಟನ್, ಬಣ್ಣ, ಟೆಸ್ಟ್ ಎಲ್ಲ ಒಟ್ಟಿಗೆ. ಅವನು ಅದನ್ನು ಒಡೆದುಬಿಟ್ಟಿದ್ದ. ಬಟನ್‌ಗಳೆಲ್ಲ ಒಂದು ಕಡೆ, ಬಣ್ಣಗಳೆಲ್ಲ ಇನ್ನೊಂದು ಕಡೆ.

“ಹೀಗ್ಯಾಕೆ?”

“ಹುಡುಕೋಕೆ ಸುಲಭ ಅಂತ...”

“ನಿಮಗಾ?”

“ಎಲ್ರಿಗೂ.”

ಹಾಗಾದರೆ ನಾನಿಲ್ಲದೆಯೂ ನಡೆಯುತ್ತದೆ, ಅಂದುಕೊಂಡಳು.

ಬೇರೆ ತಂಡಕ್ಕೆ ಕಳಿಸಿ ಎಂದು ಅವಳು ಆ ಮಧ್ಯಾಹ್ನವೇ ಮ್ಯಾನೇಜರ್‌ಗೆ ಬರೆದಳು. ಬೇಸರವೂ ಆಗಲಿಲ್ಲ.

ಸುದ್ದಿ ತಿಳಿದು, ತಂಡದಲ್ಲಿ ಟೆಸ್ಟಿಂಗ್ ನೋಡಿಕೊಳ್ಳುವ ಅಕ್ಕ ಸೊಂಟಕ್ಕೆ ಕೈಯಿಟ್ಟು ಬಂದು ನಿಂತಳು. “ಏನೇ, ಗಂಟುಮೂಟೆ ಕಟ್ಟಿದ್ಯಂತೆ?”

“ಆ ಹೊಸಬರಿಗೆ ನನ್ನ ಕೋಡ್ ಹಿಡಿಸಲಿಲ್ಲ ಅಕ್ಕ. ಅಷ್ಟೇ.”

“ಅಯ್ಯೋ ಮಂಕೇ, ನಿಮ್ಮಪ್ಪ ಆಸ್ಪತ್ರೇಲಿದ್ದಾಗ, ಆ ಬಟನ್ ಎಲ್ಲಿದೆ, ಈ ಬಣ್ಣ ಎಲ್ಲಿದೆ ಅಂತ ನಾವು ಫೋನ್ ಮಾಡಿ ಮಾಡಿ ನಿನ್ನ ಪ್ರಾಣ ತಿಂತಿದ್ವಲ್ಲ? ಅದನ್ನ ನಿಲ್ಲಿಸೋಕೇ ಅವನು ಎಲ್ಲಾ ಬೇರೆ ಬೇರೆ ಮಾಡಿಟ್ಟಿದ್ದು. ಇನ್ಮೇಲೆ ನಿಂಗೆ ಯಾರೂ ಫೋನ್ ಮಾಡಕೂಡದು ಅಂತ ನಮ್ಮ ಮೇಲೆ ರೇಗಿದ್ದ.”

ಅಪ್ಪನ ಕೊನೆಯ ದಿನಗಳಲ್ಲಿ ಫೋನ್ ಸದ್ದು ಮಾಡಿರಲಿಲ್ಲ. ಅವಳು ಅಪ್ಪನ ಕೈ ಹಿಡಿದು ಕೂತೇ ಇದ್ದಳು. ಆಫೀಸಿನವರು ತನ್ನನ್ನು ಮರೆತೇಬಿಟ್ಟರು ಅಂದುಕೊಂಡಿದ್ದಳು.

ಅವಳು ಅವನ ಮೇಜಿನ ಬಳಿ ಹೋದಳು.

“ಹೇಳಬಹುದಿತ್ತಲ್ಲ?”

“ಹೇಳಿದ್ರೆ ಮಾಡಿದ ಉಪಕಾರ ಹೇಳಿಕೊಂಡ ಹಾಗಾಗ್ತಿತ್ತು.” ಅವನು ಕೀಬೋರ್ಡನ್ನೇ ನೋಡುತ್ತಿದ್ದ. “ದಿನಾ ನಿಮ್ಮ ಕೋಡ್ ಓದ್ತಿದ್ದೆ. ಇಷ್ಟು ಒಪ್ಪವಾಗಿ ಬರೆಯೋರು ಹೇಗಿರ್ತಾರೋ ಅಂತ ನೋಡೋಕೆ ಕಾಯ್ತಿದ್ದೆ. ನೀವು ಬಂದ್ರಿ, ಈಗ ಹೊರಟೇಬಿಟ್ರಿ... ಹೋಗಬೇಡಿ. ನಂಗೆ ನೀವು ಇಷ್ಟ.”

ಎಷ್ಟೋ ದಿನಗಳ ಮೇಲೆ ಅವಳ ಕಣ್ಣು ತುಂಬಿತು.

“ಮ್ಯಾನೇಜರ್‌ಗೆ ಬೇರೆ ತಂಡ ಬೇಡ ಅಂತ ಹೇಳ್ತೀನಿ. ಆದ್ರೆ ನಿಮ್ಮ ಪದ್ಧತಿ ನಂಗೆ ಈಗಲೂ ಹಿಡಿಸಿಲ್ಲ.”

“ಮೊದಲಿನ ಹಾಗೇ ಇಡ್ಲಾ?”

“ಬೇಡ, ಇರ್ಲಿ... ನಿಮಗೆ ಏನಾದ್ರೂ ಸಿಗದಿದ್ರೆ ನನ್ನನ್ನೇ ಕೇಳಿ.”

“ಎಲ್ಲಾ ಸಿಕ್ಕಿಬಿಟ್ರೆ?”

“ಆಗಲೂ ಕೇಳಿ.”